ಕೊಕ್ಕೆಯಮ್ಮ ಮತ್ತು ಕುಳ್ಳಾದ ಸ್ಟೂಲು

ಕೊಕ್ಕೆಯಮ್ಮನಿಗೆ ಗಿರಾಕಿಗಳ ಮುಖ ಪರಿಚಯವಿಲ್ಲ, ಅಂಗಿಯ ಗುಂಡಿ ಪರಿಚಯ. ಗಡಿಯಾರ ರಿಪೇರಿ ಅಂಗಡಿಯ ಕೌಂಟರಿನ ಹಿಂದೆ ಅವಳು ನಿಂತರೆ ಕಣ್ಣು ಎದುರಿನವರ ಎದೆಗಿಂತ ಮೇಲೆ ಏರುವುದಿಲ್ಲ. ಏರಿಸಲೇಬೇಕೆಂದರೆ ಎರಡೂ ಕೈಯನ್ನು ಕೌಂಟರಿನ ಗಾಜಿಗೆ ಊರಿ, ಕತ್ತನ್ನು ಆಮೆಯ ಹಾಗೆ ಹೊರಕ್ಕೆ ಚಾಚಿ, ಹುಬ್ಬಿನ ಕೆಳಗಿಂದ ನೋಡಬೇಕು. ಅಷ್ಟು ಕಷ್ಟಪಟ್ಟು ನೋಡುವಂಥ ಮುಖ ಈ ಬೀದಿಯಲ್ಲಿ ಒಂದೂ ಇಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ. ಬಿಳಿ ಅಂಗಿಗೆ ಕರಿ ಗುಂಡಿ ಬಂದರೆ ಬ್ಯಾಂಕಿನ ಗುಮಾಸ್ತ. ಗುಂಡಿ ಕಿತ್ತುಹೋದ ಕಡೆ ಪಿನ್ನು ಚುಚ್ಚಿಕೊಂಡಿದ್ದರೆ ಎದುರು ಸಾಲಿನ ಬಡಗಿ. ಗುಂಡಿಯ ಸಂದಿಯಲ್ಲಿ ಬನಿಯನ್ ಇಣುಕಿದರೆ ಅವಳ ಮೈದುನ, ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಅವನ ಹೊಟ್ಟೆಗೆ ಯಾವ ಅಂಗಿಯೂ ಎರಡು ವರ್ಷ ಬಾಳಿದ್ದಿಲ್ಲ.

ಕೊಕ್ಕೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಎದುರಿಗೆ ‘ಅಮ್ಮಾ’ ಅನ್ನುತ್ತಾರೆ, ಎರಡು ಹೆಜ್ಜೆ ಆಚೆ ಹೋಗಿ ‘ಕೊಕ್ಕೆಯಮ್ಮ’ ಅನ್ನುತ್ತಾರೆ. ಬೆನ್ನು ಬಗ್ಗಿದೆಯೇ ಹೊರತು ಕಿವಿ ಬಗ್ಗಿಲ್ಲವಲ್ಲ, ಅವಳಿಗೆ ಎಲ್ಲ ಕೇಳಿಸುತ್ತದೆ. ಯಾರು ಅಂದರು, ಯಾವ ದಿನ ಅಂದರು ಎಂಬುದು ತಲೆಯಲ್ಲಿ ಕೂತಿರುತ್ತದೆ. ಅಂದವನ ವಾಚು ರಿಪೇರಿಗೆ ಬಂದಾಗ ‘ನಾಳೆ ಬಾ’, ‘ನಾಡಿದ್ದು ಬಾ’ ಎಂದು ಅಲೆದಾಡಿಸಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾಳೆ.

ಆ ಬೆನ್ನು ಹುಟ್ಟುವಾಗಲೇ ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲ ಚೌಕಟ್ಟಿನ ಮೇಲಂಚು ತಲೆಗೆ ತಾಗುತ್ತದೆಂದು ಬಗ್ಗಿ ಒಳಗೆ ಬರುತ್ತಿದ್ದವಳು ಅವಳು. ಮಾವನ ಅಂಗಡಿ ಅದು. ಗಂಡನ ಕೈ ಸದಾ ನಡುಗುತ್ತಿತ್ತು, ವಾಚಿನ ಮುಳ್ಳು ಹಿಡಿದರೆ ಮುಳ್ಳೂ ನಡುಗುತ್ತಿತ್ತು. ಮಾವ ನೋಡಿ ನೋಡಿ ಸಾಕಾಗಿ ಚಿಮಟವನ್ನು ಸೊಸೆಯ ಕೈಗೆ ಕೊಟ್ಟ. ಕಲ್ಲಿನಂಥ ಕೈ ಅವಳದು. ಕೂದಲೆಳೆಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದಳೆಂದರೆ ಮುಗಿಯಿತು, ಸತ್ತ ವಾಚು ಟಿಕ್ ಅನ್ನುತ್ತಿತ್ತು. ಬಲಗಣ್ಣಿನ ಗೂಡಿಗೆ ಸಣ್ಣದನ್ನು ದೊಡ್ಡದಾಗಿ ಕಾಣಿಸುವ ದಪ್ಪ ಗಾಜನ್ನು ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಾಗಿದವಳು ಬಾಗಿದವಳೇ. ಮಾವ ಹೋದ, ಗಂಡನೂ ಹೋದ, ಅವಳು ಮಾತ್ರ ಬಾಗಿಯೇ ಇದ್ದಳು. ಕೊನೆಗೊಂದು ದಿನ ನೆಟ್ಟಗಾಗಲು ನೋಡಿದಾಗ ಬೆನ್ನು ‘ಆಗಲ್ಲ’ ಅಂದಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ ತಿಳಿದವರು. ಬಗ್ಗುವುದೇನು ಮಹಾ, ಒಮ್ಮೆ ಬಗ್ಗಿದ್ದನ್ನು ನೆಟ್ಟಗೆ ಮಾಡಿ ತೋರಿಸಲಿ ನೋಡೋಣ.

ಕೊಕ್ಕೆಯಮ್ಮ ಮೇಜು ಬಿಟ್ಟು ಕೌಂಟರಿಗೆ ಬಂದಳು. ಆ ಮೇಜಿಗೆ ಕೂತವಳು ಮೈದುನನ ಹೆಂಡತಿ, ಅವಳ ಓರಗಿತ್ತಿ.

ಓರಗಿತ್ತಿಯರು ಅಂದಮೇಲೆ ಅವರಿಬ್ಬರ ನಡುವೆ ಏನಿತ್ತು ಎಂದು ಬಿಡಿಸಿ ಹೇಳಬೇಕೇ? ಎಣ್ಣೆ ಸೀಗೆಕಾಯಿ ಸಂಬಂಧ ಎಂದರೆ ಎಣ್ಣೆಗೂ ಸೀಗೆಕಾಯಿಗೂ ಬೇಜಾರಾದೀತು, ಅವು ತಲೆಯ ಮೇಲಾದರೂ ಕೂಡುತ್ತವೆ. ಕಿರಿಯಳು ಮಾತು ಕಡಿಮೆ, ನೋಟ ಜಾಸ್ತಿ. ಹಿರಿಯಳು ಮಾತೂ ಜಾಸ್ತಿ, ನೋಟವೂ ಜಾಸ್ತಿ. ಕಿರಿಯಳು ಕೆಲಸ ಕಲಿತದ್ದೂ ಯಾರೂ ಹೇಳಿಕೊಟ್ಟದ್ದಲ್ಲ. ವರ್ಷಗಟ್ಟಲೆ ಕೊಕ್ಕೆಯಮ್ಮನ ಹಿಂದೆ ಗೋಡೆಗೊರಗಿ ಕೂತು ಗೋಡೆ ಗಡಿಯಾರಗಳ ಧೂಳು ಒರೆಸುತ್ತ ನೋಡಿಯೇ ಕಲಿತಳು. ಕಲಿತಳು ಅನ್ನುವುದು ಬೀದಿಯ ಮಾತು, ಕೊಕ್ಕೆಯಮ್ಮನ ಲೆಕ್ಕದಲ್ಲಿ ಕದ್ದಳು.

ಆ ಅಂಗಡಿಗೊಂದು ಕಟ್ಟಳೆಯಿತ್ತು, ಕೊಕ್ಕೆಯಮ್ಮನೇ ಮಾಡಿದ ಕಟ್ಟಳೆ. ಕಣ್ಣಲ್ಲಿ ಗಾಜಿದ್ದಾಗ ಮಾತಿಲ್ಲ. ಮೇಜಿಗೆ ಕೂತವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರೆಂದರೆ ಯಾರೂ ಅವರನ್ನು ಕರೆಯಕೂಡದು, ಮುಟ್ಟಕೂಡದು. ಒಂದು ಮಾತು ಸಾಕು, ಗಮನ ಕದಲುತ್ತದೆ. ಗಮನ ಕದಲಿದರೆ ಚಿಮಟ ಕದಲುತ್ತದೆ. ಚಿಮಟ ಕದಲಿದರೆ ಸ್ಪ್ರಿಂಗು ಚಿಮ್ಮಿ ಹಾರಿ ಯಾವ ಸಂದಿ ಸೇರಿತೋ ದೇವರಿಗೂ ಗೊತ್ತಾಗುವುದಿಲ್ಲ. ‘ಮನೆಗೆ ಬೆಂಕಿ ಬಿದ್ರೂ ಗಾಜು ತೆಗೆದ ಮೇಲೇ ಹೇಳು’ ಅನ್ನುತ್ತಿದ್ದಳು. ಅಂಚೆಯವನು ಕೂಡ ಬಾಗಿಲಲ್ಲಿ ನಿಂತು ಮೊದಲು ಗಾಜು ನೋಡಿ ಆಮೇಲೆ ಬಾಯಿ ಬಿಡುತ್ತಿದ್ದ.

ಈ ಕಟ್ಟಳೆಯೇ ಈಗ ಅವಳ ಗಂಟಲಿಗೆ ಮೀನಿನ ಮುಳ್ಳಾಯಿತು.

ಕೌಂಟರಿನಿಂದ ಹಿಂದಕ್ಕೆ ತಿರುಗಿದರೆ ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಸಿಗುತ್ತಿದ್ದುದು ಓರಗಿತ್ತಿಯ ಬೆನ್ನು. ಬೇರೆಯವರು ಮುಖ ನೋಡುತ್ತಾರೆ, ಸೀರೆ ನೋಡುತ್ತಾರೆ. ಕೊಕ್ಕೆಯಮ್ಮನಿಗೆ ಬೆನ್ನೊಂದೇ ಗತಿ. ಒಂದು ದಿನ ನೋಡುತ್ತಾಳೆ, ಓರಗಿತ್ತಿಯ ಗಲ್ಲ ಮುಂದಕ್ಕೆ ಹೋಗಿದೆ. ಕೆಲವು ತಿಂಗಳಲ್ಲಿ ಭುಜಗಳು ಕಿವಿಯ ಹತ್ತಿರ ಬಂದವು. ಆಮೇಲೆ ಕತ್ತಿನ ಬುಡದಲ್ಲಿ ಮೂಳೆಯೊಂದು ಗಂಟಿನ ಹಾಗೆ ಎದ್ದು ಕಾಣತೊಡಗಿತು. ಆ ಗಂಟು ಕೊಕ್ಕೆಯಮ್ಮನಿಗೆ ಚೆನ್ನಾಗಿ ಗೊತ್ತು. ಅವಳಿಗೂ ಮೊದಲು ಎದ್ದದ್ದು ಅದೇ ಗಂಟು. ಅದಾದ ಮೇಲೆ ಏನು ಬರುತ್ತದೆ, ಅದರ ನಂತರ ಏನು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮೊದಲು ಬಲಗೈ ಬೆರಳು ಜೋಮು ಹಿಡಿಯುತ್ತದೆ. ಆಮೇಲೆ ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರು ಬೇಕಾಗುತ್ತಾರೆ. ಕೊನೆಗೆ ಮನುಷ್ಯರ ಮುಖಗಳು ಹೋಗಿ ಗುಂಡಿಗಳು ಉಳಿಯುತ್ತವೆ.

ಓರಗಿತ್ತಿಯ ಮೇಲಿನ ಪ್ರೀತಿಯೇ? ಥೂ! ಪ್ರೀತಿ ಎಲ್ಲಿಂದ ಬರಬೇಕು? ಆ ಮನೆಯಲ್ಲಿ ಚಿಮಟ ಹಿಡಿಯುವ ಕೈ ಅಂತ ಉಳಿದಿರುವುದು ಅದೊಂದೇ, ಆ ಕೈ ಹೋದರೆ ಅಂಗಡಿ ಹೋಯಿತು, ಅಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದರ ಮೇಲೆ ಬಡಗಿಯ ನಾಲಗೆ ಬೇರೆ. ಒಂದು ದಿನ ಪಿನ್ನಿನ ಅಂಗಿ ತೊಟ್ಟು ಬಂದು ಕೌಂಟರಿಗೆ ಒರಗಿ ಹಲ್ಲು ಕಿರಿದ.

“ಏನಮ್ಮಾ, ಒಂದು ಕೊಕ್ಕೆ ಸಾಲದು ಅಂತ ಜೋಡಿ ಮಾಡ್ತಿದೀರಾ? ಇಬ್ಬರ ನಡುವೆ ಹಗ್ಗ ಕಟ್ಟಿದ್ರೆ ಬೀದಿಯೋರೆಲ್ಲ ಬಟ್ಟೆ ಒಣಗಿ ಹಾಕ್ಕೋಬಹುದು.”

“ನಿನ್ನ ನಾಲಗೆ ಒಣಗಿ ಹಾಕ್ತೀನಿ, ತಾಳು” ಅಂದಳು ಕೊಕ್ಕೆಯಮ್ಮ. ಅಂದಳೇನೋ ಸರಿ, ಮಾತು ಮಾತ್ರ ಎದೆಗೆ ನಾಟಿತು. ಒಂದೇ ಅಂಗಡಿಯಲ್ಲಿ ಎರಡು ಕೊಕ್ಕೆ. ಇಡೀ ಬೀದಿಗೆ ಬಿಟ್ಟಿ ತಮಾಷೆ. ಅದನ್ನು ಅವಳು ಬದುಕಿರುವ ತನಕ ಆಗಗೊಡುವವಳಲ್ಲ.

ಹೇಳೋಣವೆಂದರೆ ಕಣ್ಣಲ್ಲಿ ಗಾಜು. ಗಾಜು ತೆಗೆದ ಮೇಲೆ ಹೇಳೋಣವೆಂದರೆ ಅಷ್ಟೊತ್ತಿಗೆ ಅವಳು ಎದ್ದು ನಿಂತಿರುತ್ತಾಳೆ. ಎದ್ದು ನಿಂತವಳಿಗೆ ನೆಟ್ಟಗೆ ಕೂರು ಅನ್ನುವುದು ಉಂಡು ಕೈ ತೊಳೆದವನಿಗೆ ಊಟಕ್ಕೆ ಕರೆದ ಹಾಗೆ. ಮಾತಾಡಬಾರದು ಎಂದು ಕಟ್ಟಳೆಯಿದೆ, ಚುಚ್ಚಬಾರದು ಎಂದು ಎಲ್ಲಿದೆ ಎಂದು ಯೋಚಿಸಿ, ಒಂದು ಮಧ್ಯಾಹ್ನ ಧೂಳು ಕೊಡವುವ ಉದ್ದ ಕೋಲನ್ನು ತೆಗೆದುಕೊಂಡು ಓರಗಿತ್ತಿಯ ಬೆನ್ನಿನ ಗಂಟಿಗೆ ಸರಿಯಾಗಿ ತಿವಿದಳು.

ಓರಗಿತ್ತಿ ‘ಅಯ್ಯೋ’ ಎಂದು ಹಾರಿಬಿದ್ದಳು. ಚಿಮಟದಲ್ಲಿದ್ದ ಸ್ಪ್ರಿಂಗು ಅವಳಿಗಿಂತ ಎತ್ತರಕ್ಕೆ ಹಾರಿತು. ಅದು ಬ್ಯಾಂಕಿನ ಗುಮಾಸ್ತನ ತಂದೆಯ ಕಾಲದ ವಾಚು, ಅಂಥ ಸ್ಪ್ರಿಂಗು ಈಗ ಎಲ್ಲೂ ಸಿಗುವುದಿಲ್ಲ. ಮೈದುನ, ಬಡಗಿ, ಟೀ ಅಂಗಡಿಯವನು ಎಲ್ಲರೂ ಮಂಡಿಯೂರಿ ನೆಲ ಬಾಚಿದರು. ಸೂಜಿ ಸಿಕ್ಕಿತು, ಯಾವುದೋ ಕಾಲದ ಹಲ್ಲು ಸಿಕ್ಕಿತು, ಸ್ಪ್ರಿಂಗು ಸಿಗಲಿಲ್ಲ.

“ಬೇಕು ಅಂತಲೇ ತಿವಿದ್ರಿ” ಅಂದಳು ಓರಗಿತ್ತಿ. ಗಾಜು ಇನ್ನೂ ಕಣ್ಣಲ್ಲೇ ಇತ್ತು, ಅದರ ಹಿಂದೆ ಕಣ್ಣು ದೊಡ್ಡದಾಗಿ ಕೆಂಪಗೆ ಕಾಣುತ್ತಿತ್ತು. “ನಾನು ಇಲ್ಲಿ ಕೂತಿದೀನಲ್ಲ, ಅದನ್ನ ನಿಮಗೆ ಸಹಿಸೋಕಾಗ್ತಿಲ್ಲ.”

“ನಿನ್ನ ಬೆನ್ನು ನೋಡ್ಕೊಂಡಿದೀಯೇನೇ? ನಾಯಿ ಬಾಲ ಆಗಿದೆ.”

“ನನ್ನ ಬೆನ್ನಿನ ಸುದ್ದಿ ನಿಮಗೆ ಯಾಕೆ? ಮೊದಲು ನಿಮ್ಮದು ನೋಡ್ಕೊಳ್ಳಿ.”

ಅಷ್ಟೇ. ಅಂದಿಗೆ ಇಬ್ಬರ ನಡುವೆ ಮಾತು ನಿಂತಿತು. ಅಂಗಡಿಯಲ್ಲೂ ಇಲ್ಲ, ಅಂಗಡಿಯ ಮೇಲಿನ ಮನೆಯಲ್ಲೂ ಇಲ್ಲ. ಹೇಳಬೇಕಾದ್ದೆಲ್ಲ ಮೈದುನನ ಮೂಲಕ. ಅವನೋ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮನುಷ್ಯ, ಎರಡೂ ಕಡೆಗೂ ಬೆಳಕಿಲ್ಲ. “ನಿನ್ನ ಹೆಂಡತಿಗೆ ನೆಟ್ಟಗೆ ಕೂತ್ಕೋ ಅಂತ ಹೇಳು” ಎಂದರೆ ಅವನು ಮೇಲೆ ಹೋಗಿ “ಅತ್ತಿಗೆ ನಿನ್ನ ವಿಚಾರಿಸಿದರು” ಎಂದು ಹೇಳಿ ಬರುತ್ತಿದ್ದ.

ಕೊಕ್ಕೆಯಮ್ಮ ಸುಮ್ಮನಿರುವ ಜಾತಿಯಲ್ಲ. ಮೇಜಿನ ಪಕ್ಕದ ಗೋಡೆಗೆ ಕನ್ನಡಿ ತೂಗುಹಾಕಿದಳು, ತನ್ನ ಬೆನ್ನು ತಾನೇ ನೋಡಿಕೊಂಡು ನಾಚಿಕೆಯಿಂದಲಾದರೂ ನೆಟ್ಟಗಾಗಲಿ ಎಂದು. ಓರಗಿತ್ತಿ ಒಂದೂ ಮಾತಾಡದೆ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿದಳು. ಸ್ಟೂಲು ಬದಲು ಮಾಡಿದರೆ ಹೇಗೆ ಎಂದು ಕೊಕ್ಕೆಯಮ್ಮ ಒರಗುವ ಕುರ್ಚಿ ತರಿಸಿದಳು. ಕೆಲಸ ಮಾಡುವವಳು ಒರಗುವುದುಂಟೇ? ಅದರ ಮೇಲೆ ಬೆಕ್ಕು ಮಲಗಿತು.

ಕೊನೆಗೆ ಬಡಗಿಯ ಹತ್ತಿರವೇ ಹೋದಳು. ಕಾಲ ಕೆಟ್ಟಾಗ ಕತ್ತೆಯ ಕಾಲೂ ಹಿಡಿಯಬೇಕಲ್ಲ.

ಬಡಗಿ ಬಾಯಿ ಕೆಟ್ಟವನಾದರೂ ಕೈ ಒಳ್ಳೆಯದು. ಗಡ್ಡ ಕೆರೆದುಕೊಂಡು ಯೋಚಿಸಿದ. “ಅಮ್ಮಾ, ಕೆಲಸ ಕಣ್ಣಿಗೆ ದೂರ ಇದ್ರೆ ಕಣ್ಣು ಕೆಲಸದ ಹತ್ತಿರ ಹೋಗುತ್ತೆ. ಕಣ್ಣಿನ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು. ಕೆಲಸಾನೇ ಕಣ್ಣಿನ ಹತ್ತಿರ ತಂದ್ರೆ ಬೆನ್ನು ಯಾಕೆ ಬಗ್ಗುತ್ತೆ? ಮೇಜು ಎತ್ತರಿಸೋಣ.”

“ಮೇಜು ಗೋಡೆಗೆ ಹೊಡೆದಿದೆ. ಮಾವನ ಕಾಲದ್ದು. ಅಲ್ಲಾಡಿಸಿದ್ರೆ ಗೋಡೆ ಬರುತ್ತೆ.”

“ಹಂಗಾದ್ರೆ ಸ್ಟೂಲು ತಗ್ಗಿಸೋಣ.”

“ಒಂದೇ ಸಲ ತಗ್ಗಿಸಿದ್ರೆ ಗೊತ್ತಾಗುತ್ತೆ. ನಾನು ಮಾಡಿಸಿದ್ದು ಅಂತ ಗೊತ್ತಾದ್ರೆ ಬೇಕಂತಲೇ ಇನ್ನೂ ಬಗ್ತಾಳೆ, ಅಂಥ ಹಟಮಾರಿ ಅದು.”

“ಒಂದೇ ಸಲ ಯಾಕೆ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯೋಣ.”

ಅಲ್ಲಿಂದ ಶುರುವಾಯಿತು. ಅಂಗಡಿಯ ಬೀಗದಕೈ ಕೊಕ್ಕೆಯಮ್ಮನ ಸೊಂಟದಲ್ಲಿ. ವಾರಕ್ಕೊಮ್ಮೆ, ಓರಗಿತ್ತಿ ಕೆಳಗಿಳಿಯುವ ಮೊದಲು ಬಾಗಿಲು ತೆಗೆದು ಬಡಗಿಗೆ ಸನ್ನೆ ಮಾಡುವಳು. ಅವನು ಸ್ಟೂಲನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ, ಕಾಲುಗಳ ತುದಿಯ ರಬ್ಬರು ಟೋಪಿ ಬಿಚ್ಚಿ, ನಾಲ್ಕು ಕಾಲಿಂದಲೂ ದೋಸೆಯಷ್ಟು ತೆಳ್ಳಗೆ ಒಂದೊಂದು ಬಿಲ್ಲೆ ಕೊಯ್ದು, ಟೋಪಿ ಮತ್ತೆ ಹಾಕಿ ತಂದಿಡುವನು. ಕೊಯ್ದ ಬಿಲ್ಲೆಗಳನ್ನು ಕೊಕ್ಕೆಯಮ್ಮ ಅವನ ಹತ್ತಿರ ಬಿಡುತ್ತಿರಲಿಲ್ಲ, ಅವನು ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಾನು ಎಂದು. ಅವನ್ನೆಲ್ಲ ವಾಚಿನ ಪಟ್ಟಿಯ ಖಾಲಿ ಡಬ್ಬಿಯಲ್ಲಿ ಹಾಕಿ ಕೌಂಟರಿನ ಕೆಳಗೆ ತಳ್ಳುತ್ತಿದ್ದಳು.

ಉಪಾಯ ಕೆಲಸ ಮಾಡಿತಲ್ಲ! ಸ್ಟೂಲು ತಗ್ಗಿದಂತೆಲ್ಲ ಮೇಜು ಓರಗಿತ್ತಿಯ ಹೊಟ್ಟೆಯಿಂದ ಎದೆಗೆ ಬಂತು, ಎದೆಯಿಂದ ಕಂಕುಳ ಮಟ್ಟಕ್ಕೆ ಬಂತು. ಮೊಣಕೈಗಳು ತಾವಾಗಿ ಮೇಜಿನ ಮೇಲೆ ಕೂತವು. ವಾಚು ಗಾಜಿನ ಹತ್ತಿರ ಬಂತು, ಗಾಜು ವಾಚಿನ ಹತ್ತಿರ ಹೋಗಬೇಕಾಗಿ ಬರಲಿಲ್ಲ. ಗಲ್ಲ ಹಿಂದಕ್ಕೆ ಸರಿಯಿತು. ಭುಜ ಇಳಿಯಿತು. ಒಂದು ಬೆಳಿಗ್ಗೆ ಕೊಕ್ಕೆಯಮ್ಮ ತಿರುಗಿ ನೋಡುತ್ತಾಳೆ, ಕತ್ತಿನ ಬುಡದ ಗಂಟು ಮಾಯ! ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಎಲ್ಲಿಡಬೇಕೋ ತಿಳಿಯದೆ, ಸೆಲ್ಲು ಹಾಕಿಸಲು ಬಂದಿದ್ದ ಯಾವನೋ ಬಡಪಾಯಿಗೆ ಹಿಗ್ಗಾಮುಗ್ಗಾ ಬೈದು ಕಳಿಸಿದಳು. ಚಕಾರ ಎತ್ತಿಲ್ಲ, ಗಮನ ಕದಲಿಸಿಲ್ಲ, ಕಟ್ಟಳೆ ಮುರಿದಿಲ್ಲ. ಇನ್ನೇನು ಬೇಕು?

ಆದರೆ ಓರಗಿತ್ತಿ ಸೊರಗತೊಡಗಿದಳು.

ಊಟ ಅರ್ಧಕ್ಕೆ ಬಿಡುತ್ತಾಳೆ, ಕೆಲಸದ ನಡುವೆ ಗಾಜು ತೆಗೆದು ಸುಮ್ಮನೆ ಕೂರುತ್ತಾಳೆ. ಆಗಾಗ ಕೊಕ್ಕೆಯಮ್ಮನ ಬೆನ್ನನ್ನೇ ದಿಟ್ಟಿಸುತ್ತಾಳೆ, ನೋಡಿ ಮುಖ ಕಿವುಚಿ ತಿರುಗಿಸಿಕೊಳ್ಳುತ್ತಾಳೆ. ಹೇಸಿಗೆ ಪಡ್ತಿದಾಳೆ, ಎಂದು ಕೊಕ್ಕೆಯಮ್ಮನ ಮೈ ಉರಿಯಿತು. ನನ್ನನ್ನ ನೋಡಿ ಹೇಸಿಗೆ ಪಡೋಳಿಗೆ ನಾನು ಸ್ಟೂಲು ಕೊಯ್ಸಿ ಬೆನ್ನು ಉಳಿಸಿಕೊಡಬೇಕು! ಮಾಡಿದೋರ ಪಾಪ ಆಡಿದೋರ ಬಾಯಲ್ಲಿ ಅಂತಾರೆ, ಇಲ್ಲಿ ನೋಡಿದರೆ ಮಾಡಿದ ಉಪಕಾರವೂ ಹಂಗೇ ಹೋಯಿತು, ಎಂದು ಹಲ್ಲು ಕಡಿದಳು.

ಒಂದು ದಿನ ಗುಡಿಸುವಾಗ ಅವಳಿಗೆ ಮೇಜಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಗೆರೆಗಳು ಕಂಡವು. ಒಂದರ ಕೆಳಗೊಂದು, ಒಂದರ ಕೆಳಗೊಂದು, ಎಲ್ಲ ಅಡ್ಡಡ್ಡ. ಯಾವುದೋ ಲೆಕ್ಕ ಇರಬೇಕು ಎಂದುಕೊಂಡು ಪೊರಕೆ ಆಡಿಸಿ ಮುಂದೆ ಹೋದಳು.

ಮರುವಾರ ಬನಿಯನ್ ಇಣುಕುವ ಅಂಗಿ ಕೌಂಟರಿನ ಮುಂದೆ ಬಂದು ನಿಂತಿತು. ಅಂಗಿ ಮಾತಾಡಲಿಲ್ಲ. ಹೊಟ್ಟೆ ಮಾತ್ರ ಏರಿ ಇಳಿಯುತ್ತಿತ್ತು.

“ಏನೋ ಅದು? ಬಾಯಲ್ಲಿ ಟಿಕೆಟ್ ಇಟ್ಕೊಂಡಿದೀಯಾ?”

“ಅತ್ತಿಗೆ... ಅವಳು ಇನ್ನು ಮೇಜಿಗೆ ಕೂರಲ್ವಂತೆ.”

“ಯಾಕಂತೆ? ಮಹಾರಾಣಿಗೆ ಏನು ಕಮ್ಮಿ ಆಗಿದೆ?”

“ಎತ್ತರ ಕಮ್ಮಿ ಆಗಿದೆ.”

“ಏನು?”

“ಕುಳ್ಳಾಗ್ತಾ ಇದಾಳಂತೆ ಅತ್ತಿಗೆ. ಮೇಜು ಮೊದಲು ಹೊಟ್ಟೆಗೆ ಬರ್ತಿತ್ತಂತೆ, ಈಗ ಕಂಕುಳಿಗೆ ಬರುತ್ತೆ ಅಂತಾಳೆ. ನಾನು ನಂಬಲಿಲ್ಲ. ಕರ್ಕೊಂಡು ಹೋಗಿ ಗೋಡೆ ತೋರಿಸಿದಳು. ಸ್ಟೂಲಿನ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟು ನೆತ್ತಿ ಮೇಲೆ ಗೆರೆ ಎಳೀತಾಳೆ. ಪ್ರತಿ ವಾರ ಒಂದು. ಗೆರೆ ಇಳೀತಾನೇ ಇದೆ.” ಅವನ ಬೆರಳು ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. “ಬೆನ್ನು ಒಳಗೊಳಗೇ ಕುಸೀತಾ ಇದೆ ಅಂತಾಳೆ. ನಿಮ್ಮ... ನಿಮ್ಮ ಥರ ಆಗ್ತೀನಿ ಅಂತ ಅಳ್ತಾಳೆ. ಬೆಳಗಾದ್ರೆ ಅದೇ ಅಳು. ಬಟ್ಟೆ ಅಂಗಡೀಲಿ ನಿಂತ್ಕೊಂಡು ಮಾಡೋ ಕೆಲಸ ನೋಡಿದಾಳೆ. ಮೇಜು, ಸಾಮಾನು ಎಲ್ಲ ಮಾರ್ಬಿಡಿ ಅಂದಳು. ಪೇಟೆ ಕಡೆಯ ವಾಚಿನ ಅಂಗಡಿಯೋನು ಮಧ್ಯಾಹ್ನ ನೋಡೋಕೆ ಬರ್ತಾನೆ.”

ಕೊಕ್ಕೆಯಮ್ಮನಿಗೆ ಆಗ ಹೊಳೆಯಿತು. ಹೇಸಿಗೆಯಲ್ಲ ಅದು. ತನ್ನನ್ನು ನೋಡಿ ಅವಳು ಮುಖ ತಿರುಗಿಸಿದ್ದು ಹೆದರಿಕೆಗೆ. ಸ್ಟೂಲು ಕುಳ್ಳಾಗುತ್ತದೆ ಎಂದು ಲೋಕದಲ್ಲಿ ಯಾರಾದರೂ ಊಹಿಸುತ್ತಾರೆಯೇ? ಎದುರಿಗೆ ದಿನವೂ ಒಂದು ಕೊಕ್ಕೆ ನಿಂತಿರುವಾಗ, ಕೂತವಳಿಗೆ ತಾನೇ ಕುಸಿಯುತ್ತಿದ್ದೇನೆ ಅನ್ನಿಸದೆ ಇನ್ನೇನು ಅನ್ನಿಸಬೇಕು? ಬೆನ್ನು ಉಳಿಸಲು ಹೋಗಿ ಬೆನ್ನಿನ ಯಜಮಾನಿಯನ್ನೇ ಓಡಿಸಿದ ಹಾಗಾಯಿತು.

ಅವಳು ಬಗ್ಗಿ ಕೌಂಟರಿನ ಕೆಳಗಿನ ಡಬ್ಬಿ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದಳು. ಆ ಮೆಟ್ಟಿಲು ಅವಳಿಗೆ ಶತ್ರು. ಕೈಯೂರಿ, ಮಂಡಿಯೂರಿ, ಪ್ರತಿ ಮೆಟ್ಟಿಲಿಗೂ ಓರಗಿತ್ತಿಯ ತವರಿನ ಒಬ್ಬೊಬ್ಬರಿಗೆ ಶಾಪ ಹಾಕುತ್ತ ಹತ್ತಿದಳು. ತವರಿನವರು ಮುಗಿದರು, ಮೆಟ್ಟಿಲು ಇನ್ನೂ ಉಳಿದಿದ್ದವು.

ಓರಗಿತ್ತಿ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಕೊಕ್ಕೆಯಮ್ಮ ಡಬ್ಬಿಯನ್ನು ಅವಳ ಮುಂದೆ ಬೋರಲು ಹಾಕಿದಳು. ಮರದ ಬಿಲ್ಲೆಗಳು ಚೆಲ್ಲಾಪಿಲ್ಲಿಯಾಗಿ ಸೀರೆಯ ಮೇಲೆ, ರವಿಕೆಯ ಮೇಲೆ, ನೆಲದ ಮೇಲೆ ಉರುಳಿದವು.

“ತಗೋ. ನೀನು ಕಳ್ಕೊಂಡ ಎತ್ತರ ಎಲ್ಲ ಇಲ್ಲಿದೆ. ಎಣಿಸ್ಕೋ.”

ಓರಗಿತ್ತಿ ಒಂದು ಬಿಲ್ಲೆ ಎತ್ತಿ ನೋಡಿದಳು. ಅದರ ಅಂಚಿನಲ್ಲಿ ಸ್ಟೂಲಿನ ಹಳೆಯ ಹಸಿರು ಬಣ್ಣವಿತ್ತು. ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದಾಗ ಮುಖದಿಂದ ರಕ್ತ ಇಳಿದುಹೋಯಿತು, ಮತ್ತೆ ದುಪ್ಪಟ್ಟು ಏರಿತು.

“ನನ್ನ ಸ್ಟೂಲು ಕೊಯ್ಸಿದ್ರಾ?”

“ಕುಳ್ಳಾಗಿದ್ದು ಅದು. ನೀನಲ್ಲ.”

“ಆರು ತಿಂಗಳಿಂದ ನಿದ್ದೆ ಇಲ್ಲ ನಂಗೆ! ಕನ್ನಡಿ ಮುಂದೆ ನಿಂತು ನಿಂತು ಅತ್ತಿದೀನಿ! ಇದಾ ನಿಮ್ಮ ಆಟ? ಕೂತಲ್ಲೇ ಕಾಲು ಕೊಯ್ಯೋದು?”

“ಆಟ ಅಲ್ವೇ ಮೂದೇವಿ, ನಿನ್ನ ಬೆನ್ನು! ಗಂಟು ಎದ್ದಿತ್ತು ಕತ್ತಲ್ಲಿ. ಈಗ ಮುಟ್ಟಿ ನೋಡ್ಕೋ, ಇದೆಯಾ?”

ಓರಗಿತ್ತಿಯ ಕೈ ತಾನಾಗಿ ಕತ್ತಿನ ಹಿಂದೆ ಹೋಯಿತು. ಗಂಟು ಇರಲಿಲ್ಲ. ಅವಳ ಸಿಟ್ಟು ಅದರಿಂದ ಇಳಿಯಲಿಲ್ಲ, ಏರಿತು.

“ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಕೋಲಲ್ಲಿ ತಿವಿಯೋಕೆ ಗೊತ್ತು, ಕಳ್ಳರ ಹಂಗೆ ಸ್ಟೂಲು ಕೊಯ್ಸೋಕೆ ಗೊತ್ತು, ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ಕಣ್ಣಲ್ಲಿ ಗಾಜಿದ್ದಾಗ ಮಾತಾಡಬಾರದು.” ಕೊಕ್ಕೆಯಮ್ಮ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. “ಮತ್ತೆ ನೀನೇನು ಸಾಚಾನಾ? ನನ್ನ ಬೆನ್ನು ಬಗ್ಗೋವಾಗ ನೀನು ಹಿಂದೇನೇ ಕೂತಿದ್ದೆಯಲ್ಲೇ. ದಿನಾ ನೋಡ್ತಿದ್ದೆ. ಗಡಿಯಾರದ ಧೂಳು ಒರೆಸ್ತಾ ಕೂತಿದ್ದೆ. ಒಂದು ದಿನ, ಒಂದೇ ಒಂದು ದಿನ ಹೇಳಿದ್ಯಾ?”

ಇದು ಕೊಕ್ಕೆಯಮ್ಮನ ಹೊಟ್ಟೆಯ ತಳದಲ್ಲಿ ವರ್ಷಗಳಿಂದ ಕೂತಿದ್ದ ಮಾತು. ಎಂದೂ ಆಚೆ ಬಂದಿರಲಿಲ್ಲ. ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಓರಗಿತ್ತಿ ಬಿಲ್ಲೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ಹೇಳಿದ್ದೆ.”

“ಸುಳ್ಳು.”

“ನಾನು ಮದುವೆಯಾಗಿ ಬಂದ ವರ್ಷ. ನೀವು ಒಂದು ಹೆಂಗಸರ ವಾಚಿನ ಮೇಲೆ ಬಗ್ಗಿದ್ರಿ. ಮೂಗು ವಾಚಿಗೆ ತಾಗ್ತಿತ್ತು. ‘ಅಕ್ಕಾ, ಬೆನ್ನು’ ಅಂದೆ. ಅಷ್ಟೇ ಅಂದಿದ್ದು. ನೆನಪಿದೆಯಾ ಏನು ಮಾಡಿದ್ರಿ ಅಂತ? ಚಿಮಟ ಗೋಡೆಗೆ ಬಿಸಾಕಿದ್ರಿ. ‘ಹಾಳು ಬಾಯಿ, ಸ್ಪ್ರಿಂಗು ಹಾರಿಸಿಬಿಟ್ಯಲ್ಲೇ’ ಅಂತ ಕೈ ಹಿಡಿದು ಎಳ್ಕೊಂಡು ಹೋಗಿ ಬೀದೀಲಿ ನಿಲ್ಲಿಸಿದ್ರಿ. ಸಂಜೆವರೆಗೂ. ಬರೋರು ಹೋಗೋರೆಲ್ಲ ಕೇಳೋರು, ಏನಮ್ಮಾ ಹೊಸ ಸೊಸೆ, ಏನು ತಪ್ಪು ಮಾಡ್ದೆ ಅಂತ. ಕಣ್ಣಲ್ಲಿ ಗಾಜಿದ್ದಾಗ ಮಾತಿಲ್ಲ ಅನ್ನೋ ಕಟ್ಟಳೆ ನೀವು ಮಾಡಿದ್ದೇ ಆವತ್ತು.”

ಓರಗಿತ್ತಿ ಚೆಲ್ಲಿದ ಬಿಲ್ಲೆಗಳನ್ನು ಒಂದೊಂದಾಗಿ ಆಯತೊಡಗಿದಳು.

“ಆಮೇಲೆ ನಾನು ದಿನಾ ನೋಡಿದೆ. ನಿಜ. ಬಗ್ತಾ ಇತ್ತು. ಬಗ್ಲಿ ಅಂದ್ಕೊಂಡೆ. ಚೆನ್ನಾಗಿ ಬಗ್ಲಿ ಅಂದ್ಕೊಂಡೆ. ಸ್ವಲ್ಪ ವರ್ಷ ಹೋದ ಮೇಲೆ ಹೇಳೋಣ ಅನ್ನಿಸ್ತು. ನಿಮ್ಮ ಮುಖ ನೋಡಿದ್ರೆ ಬಾಯಿ ಬರ್ತಿರಲಿಲ್ಲ.”

“ನಂಗೆ ನೆನಪಿಲ್ಲ” ಅಂದಳು ಕೊಕ್ಕೆಯಮ್ಮ. ದನಿ ಅವಳದೇ ಅನ್ನಿಸಲಿಲ್ಲ. ಬಂದ ಹಾಗೆಯೇ ಕೈಯೂರಿ ಮೆಟ್ಟಿಲಿಳಿದಳು. ಈ ಸಲ ಯಾರಿಗೂ ಶಾಪ ಹಾಕಲಿಲ್ಲ.

ಮಧ್ಯಾಹ್ನ ಹಿತ್ತಾಳೆ ಗುಂಡಿಯ ಹೊಸ ಅಂಗಿಯೊಂದು ಬಂದು, ಮೇಜು ನೋಡಬೇಕು ಅಂದಿತು.

“ಗೋಡೆಗೆ ಹೊಡೆದಿದೆ. ಗೋಡೆ ಸಮೇತ ಹೊತ್ಕೊಂಡು ಹೋಗ್ತೀಯಾ?”

“ಅಲ್ಲಮ್ಮಾ, ಟಿಕೆಟ್ ಸಾಹೇಬ್ರು ಹೇಳಿದ್ರು...”

“ಅವನು ಬಸ್ಸು ಮಾರ್ತಾನೆ, ಹೋಗಿ ಕೇಳು. ನಡಿ, ನಡಿ!” ಹಿತ್ತಾಳೆ ಗುಂಡಿ ಹಿಂದೆ ಹಿಂದೆ ಸರಿದು ಬಾಗಿಲು ದಾಟಿತು.

ಓರಗಿತ್ತಿ ನಾಳೆ ಬರುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದು, ಸ್ಟೂಲು ಒರೆಸಿ, ಕೌಂಟರಿನ ಹಿಂದೆ ನಿಂತಳು. ಟೀ ಅಂಗಡಿಯವನು ಲೋಟ ಇಟ್ಟು ಹೋದ. ಟೀ ಕೆನೆ ಕಟ್ಟಿತು. ಆಗ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳಿಸಿತು. ಓರಗಿತ್ತಿ ಯಾರ ಕಡೆಯೂ ನೋಡದೆ ಬಂದು, ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳನ್ನೆಲ್ಲ ಉಜ್ಜಿ ಅಳಿಸಿ, ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಗಾಜು ಸಿಕ್ಕಿಸಿದಳು.

ಕೊಕ್ಕೆಯಮ್ಮ ತಿರುಗಿ ನೋಡಿದಳು. ಬೆನ್ನು ನೆಟ್ಟಗಿತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆದರೆ ಆವತ್ತು ಬಂದದ್ದು ಕಡಲೆಬೇಳೆಯಷ್ಟು ಪುಟ್ಟ ವಾಚು. ಕೂದಲೆಳೆಯ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವಷ್ಟರಲ್ಲಿ ಗಲ್ಲ ಮುಂದೆ ಸರಿಯಿತು, ಭುಜ ಏರಿತು, ಬೆನ್ನು ಹಳೆಯ ದಾರಿ ಹಿಡಿಯಿತು. ಇನ್ನು ಕೊಯ್ಯಲು ಸ್ಟೂಲಿನಲ್ಲಿ ಕಾಲಿರಲಿಲ್ಲ. ಕೋಲು ಮೂಲೆಯಲ್ಲಿತ್ತು, ಕೊಕ್ಕೆಯಮ್ಮ ಅದನ್ನು ಮುಟ್ಟಲಿಲ್ಲ. ಹಾರಿದರೆ ಹಾರಲಿ ಎಂದು ಕಣ್ಣು ಮುಚ್ಚಿಕೊಂಡು ಅಂದಳು:

“ಬೆನ್ನು.”

ಕಣ್ಣು ತೆರೆದಳು. ಓರಗಿತ್ತಿಯ ಬೆನ್ನು ಮೆಲ್ಲಗೆ, ಒಂದೊಂದೇ ಮೂಳೆ ಎದ್ದು ನಿಂತ ಹಾಗೆ ನೆಟ್ಟಗಾಯಿತು. ಕೈ ಅಲ್ಲಾಡಲಿಲ್ಲ. ಚಿಮಟ ಕದಲಲಿಲ್ಲ. ಸ್ಪ್ರಿಂಗು ಇದ್ದಲ್ಲೇ ಇತ್ತು, ಆಮೇಲೆ ತನ್ನ ಜಾಗದಲ್ಲಿ ಹೋಗಿ ಕೂತಿತು, ವಾಚು ಟಿಕ್ ಅಂದಿತು.

ಅಷ್ಟೇ ಆಗಿತ್ತು. ಒಂದು ಮಾತಿಗೆ ಯಾವ ಸ್ಪ್ರಿಂಗೂ ಹಾರುವುದಿಲ್ಲ. ಆವತ್ತೂ ಹಾರಿರಲಿಲ್ಲ. ಕೊಕ್ಕೆಯಮ್ಮನಿಗೆ ಈಗ ಎಲ್ಲ ನೆನಪಿಗೆ ಬಂತು. ‘ಅಕ್ಕಾ, ಬೆನ್ನು’ ಎಂದು ಕೇಳಿಸಿದಾಗ ಸ್ಪ್ರಿಂಗು ಚಿಮಟದಲ್ಲೇ ಇತ್ತು, ಭದ್ರವಾಗಿ ಇತ್ತು. ನೆನ್ನೆ ಮೊನ್ನೆ ಬಂದವಳು ತನಗೆ ಹೇಳುವುದೇ ಎಂದು ಉರಿದೆದ್ದು ಚಿಮಟ ಬೀಸಿ ಒಗೆದದ್ದು ತನ್ನದೇ ಕೈ. ಆ ಕೈ ಸುಮ್ಮನಿದ್ದಿದ್ದರೆ, ಆ ಹುಡುಗಿ ಮಾರನೆಯ ದಿನವೂ ಹೇಳುತ್ತಿತ್ತು. ದಿನವೂ ಹೇಳುತ್ತಿತ್ತು.

“ಇಲ್ಲಿ ಏನು ನೋಡ್ತಾ ನಿಂತಿದೀರಾ?” ಗಾಜು ತೆಗೆಯದೆಯೇ ಓರಗಿತ್ತಿ ಸಿಡುಕಿದಳು. “ಗಿರಾಕಿ ನಿಂತು ಎಷ್ಟೊತ್ತಾಯ್ತು.”

ಕೊಕ್ಕೆಯಮ್ಮ ಗಡಬಡಿಸಿ ತಿರುಗಿದಳು. ಬಿಳಿ ಅಂಗಿ, ಕರಿ ಗುಂಡಿ. ಇವತ್ತು ಗುಂಡಿಗಳನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ. ಎರಡೂ ಕೈಯನ್ನು ಗಾಜಿಗೆ ಊರಿ, ಕತ್ತು ಚಾಚಿ, ನೋವಿಗೆ ಹಲ್ಲು ಕಚ್ಚಿ ಮೇಲೆ ನೋಡಿದಳು. ಬ್ಯಾಂಕಿನ ಗುಮಾಸ್ತನ ಕೂದಲೆಲ್ಲ ಬೆಳ್ಳಗಾಗಿತ್ತು. ಕೆನ್ನೆ ಜೋತುಬಿದ್ದಿತ್ತು. ಅವಳಿಗೆ ಗೊತ್ತಿದ್ದ ಗುಮಾಸ್ತನಿಗೆ ಆಗ ತಾನೇ ಮೀಸೆ ಚಿಗುರಿತ್ತು.

“ಯಾವಾಗಯ್ಯಾ ನೀನು ಇಷ್ಟು ಮುದುಕನಾದದ್ದು?” ಎಂದು ಅವನ ಮೇಲೆ ರೇಗಿದಳು.